ಗೇರ್ ಆಯಿಲ್ ಮಜ್ಜಿಗೆಯಂತಾದರೆ

ಪ್ರಶ್ನೆ: ಪಾಣೆಮಂಗಳೂರಿನ ಹತ್ತಿರ ನೇತ್ರಾವತಿ ದಂಡೆಯಲ್ಲಿ ನಮ್ಮ ತೋಟ. ಮಳೆಗಾಲಕ್ಕೆ ಬೇಕಾದೀತೆಂದು ಮಲ್ಪೆಯಿಂದ ಹಳೆಯ ಫೈಬರ್ ದೋಣಿ, ಔಟ್‌ಬೋರ್ಡ್ ಎಂಜಿನ್ ತಂದಿದ್ದೇವೆ. ಮೊನ್ನೆ ಗೇರ್ ಆಯಿಲ್ ಇಳಿಸಿದರೆ ಮಜ್ಜಿಗೆಯಂತೆ ಬಂತು. ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಹಾಕುತ್ತೇವಲ್ಲ, ಮತ್ತೆ ಹೀಗೇಕೆ? ಸ್ಟರ್ನ್‌ಡ್ರೈವ್ ಎನ್ನುವುದು ಇದನ್ನೇ?
– ಬಂಟ್ವಾಳ ತಾಲೂಕಿನ ಓದುಗರು

ಉತ್ತರ: 1923 ಮತ್ತು 1974ರ ನೆರೆ ಕಂಡ ಊರಿನವರು ನೀವು. ದೋಣಿಯನ್ನು ಮಳೆಗೆ ಮೊದಲೇ ಬಿಚ್ಚಿ ನೋಡಿದ್ದು ಒಳ್ಳೆಯದಾಯಿತು.

ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸುತ್ತೇನೆ. ಔಟ್‌ಬೋರ್ಡ್‌ನಲ್ಲಿ ಎಂಜಿನ್ನೂ ಕಾಲೂ (ಗೇರ್ ಪೆಟ್ಟಿಗೆಯಿರುವ, ನೀರಿಗಿಳಿಯುವ ಭಾಗ) ಎರಡೂ ದೋಣಿಯ ಹೊರಗೆ. ಸ್ಟರ್ನ್‌ಡ್ರೈವ್‌ನಲ್ಲಿ ಎಂಜಿನ್ ದೋಣಿಯೊಳಗೆ ಕೂತಿರುತ್ತದೆ, ಕಾಲು ಮಾತ್ರ ಹಿಂಬದಿಯ ಹಲಗೆಯಾಚೆ. 1959ರಲ್ಲಿ ವೋಲ್ವೊ ಪೆಂಟಾ ಕಂಪೆನಿ ಮಾರುಕಟ್ಟೆಗೆ ತಂದ ಏರ್ಪಾಡು. ನಿಮ್ಮದು ಔಟ್‌ಬೋರ್ಡ್. ಆದರೆ ನೀರಿನಲ್ಲಿ ಮುಳುಗಿರುವ ಗೇರ್ ಪೆಟ್ಟಿಗೆಯ ಆರೈಕೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ.

ಈಗ ಆಯಿಲಿನ ಗೊಂದಲ. ಇದು ಎಷ್ಟೋ ಮಂದಿಗೆ ಆಗುವಂಥದ್ದೇ. ಪೆಟ್ರೋಲಿಗೆ ಬೆರೆಸಿದ ಆಯಿಲ್ ಎಂಜಿನ್ನಿನೊಳಗೆ ಉರಿದು ಹೊಗೆಯ ಜೊತೆ ಹೋಗಿಬಿಡುತ್ತದೆ, ಗೇರಿಗೆ ಇಳಿಯುವುದಿಲ್ಲ. ಗೇರ್ ಪೆಟ್ಟಿಗೆಗೆ ಅದರದೇ ಆಯಿಲ್ ಬೇಕು. ಸಾಮಾನ್ಯವಾಗಿ ನೀರಿನ ಎಂಜಿನ್ನಿಗೆಂದೇ ಮಾರುವ 90 ನಂಬರಿನ ಗೇರ್ ಆಯಿಲ್, ಸಣ್ಣ ಎಂಜಿನ್ನಾದರೆ ಅರ್ಧ ಲೀಟರಿಗೂ ಕಡಿಮೆ. ಅದು ಬೆಳ್ಳಗಾಗಿದೆ ಎಂದರೆ ಒಳಗೆ ನೀರು ಸೇರಿದೆ ಎಂದೇ ಅರ್ಥ.

ನೀರು ಎಲ್ಲಿಂದ ಬಂತು? ಅಗ್ಗದ ಕಾರಣ ಮೊದಲು ನೋಡಿ. ಪೆಟ್ಟಿಗೆಗೆ ಮೇಲೊಂದು, ಕೆಳಗೊಂದು ಸ್ಕ್ರೂ ಇದೆಯಲ್ಲ, ಅವುಗಳ ವಾಷರ್ ಚಪ್ಪಟೆಯಾಗಿದ್ದರೂ ನೀರು ಜಿನುಗುತ್ತದೆ. ಪ್ರತಿ ಸಲವೂ ಹೊಸ ವಾಷರ್ ಹಾಕಿ.

ಅದಲ್ಲವಾದರೆ ಫ್ಯಾನ್ ಬಿಚ್ಚಬೇಕು. (ಪುಸ್ತಕದಲ್ಲಿ ಪ್ರೊಪೆಲ್ಲರ್, ಮಲ್ಪೆಯಲ್ಲಿ ಯಾರನ್ನು ಕೇಳಿದರೂ ಫ್ಯಾನ್.) ಗೇರ್ ನ್ಯೂಟ್ರಲ್‌ನಲ್ಲಿರಲಿ, ಪ್ಲಗ್ ವಯರ್ ಕಳಚಿಡಿ. ಸ್ಪ್ಲಿಟ್ ಪಿನ್ ತೆಗೆದು, ಎಲೆಗೂ ಅದರ ಮೇಲಿನ ತಟ್ಟೆಗೂ ನಡುವೆ ಮರದ ತುಂಡು ಕೊಟ್ಟು ನಟ್ ಬಿಚ್ಚಿ. ವಾಷರ್‌ಗಳು ಯಾವ ಸಾಲಿನಲ್ಲಿ, ಯಾವ ಮುಖವಾಗಿ ಬಂದವೋ ಮೊಬೈಲಿನಲ್ಲಿ ಒಂದು ಫೋಟೊ ಹೊಡೆದುಕೊಳ್ಳಿ. ಫ್ಯಾನ್ ಎಳೆದ ಮೇಲೆ ಶಾಫ್ಟಿನ ಬುಡವನ್ನು ಟಾರ್ಚ್ ಹಿಡಿದು ನೋಡಿ. ಬಲೆಯ ನೈಲಾನ್ ನೂಲು ಬಳೆಯಂತೆ ಬಿಗಿದು ಸುತ್ತಿಕೊಂಡಿರಬಹುದು. ಫ್ಯಾನ್ ತಿರುಗುವ ಬಿಸಿಗೆ ನೂಲು ಕರಗಿ ಗಟ್ಟಿಯಾಗಿ, ಹಿಂದಿರುವ ಆಯಿಲ್ ಸೀಲನ್ನು ಕೊಯ್ಯುತ್ತದೆ. ಕಡಲಲ್ಲಿ ದುಡಿದು ಬಂದ ಎಂಜಿನ್ನಿನಲ್ಲಿ ನನಗೆ ಮೊದಲ ಅನುಮಾನ ಇದರ ಮೇಲೆಯೇ. ನೂಲು ಸಿಕ್ಕಿದರೆ ಬರೇ ಕತ್ತರಿಸಿ ಸುಮ್ಮನಾಗಬೇಡಿ, ಮೆಕ್ಯಾನಿಕ್ ಕೈಯಲ್ಲಿ ಸೀಲ್ ಬದಲಿಸಿ.

ಫ್ಯಾನ್ ಮರಳಿ ಕೂರಿಸುವಾಗ ಶಾಫ್ಟಿನ ಹಲ್ಲಿಗೆ ನೀರು ತಡೆಯುವ ಗ್ರೀಸ್ ಹಚ್ಚಿ. ಇಲ್ಲದಿದ್ದರೆ ಮುಂದಿನ ವರ್ಷ ಬಿಚ್ಚಲಿಕ್ಕೆ ಸುತ್ತಿಗೆ ಬೇಕಾದೀತು. ನಟ್ ಬಿಗಿದಾಗ ಪಿನ್ ತೂತು ಸರಿಹೊಂದದಿದ್ದರೆ ಇನ್ನೂ ಸ್ವಲ್ಪ ಬಿಗಿಯಿರಿ, ಸಡಿಲಿಸಬೇಡಿ. ಹಳೆಯ ಪಿನ್ ಎಸೆಯಿರಿ. ಕೆಲವು ಸಣ್ಣ ಎಂಜಿನ್ನುಗಳಲ್ಲಿ ಫ್ಯಾನಿಗೇ ಒಂದು ಶಿಯರ್ ಪಿನ್ ಇರುತ್ತದೆ. ಎಲೆ ಕಲ್ಲಿಗೆ ಬಡಿದರೆ ಅದು ತುಂಡಾಗಿ ಗೇರನ್ನು ಉಳಿಸುತ್ತದೆ. ಆ ಜಾಗಕ್ಕೆ ಮೊಳೆ ತುರುಕುವ ಜಾಣತನ ಬೇಡ.

ಆಯಿಲ್ ತುಂಬುವ ಕ್ರಮ ಸ್ವಲ್ಪ ವಿಚಿತ್ರ: ಕೆಳಗಿನ ತೂತಿನಿಂದ ಮೇಲಕ್ಕೆ. ಮೇಲಿನಿಂದ ಸುರಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಕಾಲು ನೆಟ್ಟಗಿರಲಿ. ಮೇಲಿನ ತೂತಿನಿಂದ ಗುಳ್ಳೆಯಿಲ್ಲದ ಆಯಿಲ್ ಬರುವವರೆಗೆ ಒತ್ತಿ, ಮೊದಲು ಮೇಲಿನ ಸ್ಕ್ರೂ, ಆಮೇಲೆ ಕೆಳಗಿನದು. 100 ಗಂಟೆಗೊಮ್ಮೆ, ಏನಿಲ್ಲವೆಂದರೂ ವರ್ಷಕ್ಕೊಮ್ಮೆ ಬದಲಿಸಿ. ಮಳೆಗಾಲ ಮುಗಿದ ಕೂಡಲೇ ಮಾಡುವುದು ಮೇಲು. ನೀರು ಬೇಸಗೆಯಿಡೀ ಒಳಗಿದ್ದರೆ ಗೇರ್ ತುಕ್ಕು ಹಿಡಿಯುತ್ತದೆ.

ಇನ್ನೊಂದು ಮಾತು. ಕಾಲಿಗೆ ಸಿಕ್ಕಿಸಿದ ಬೂದು ಲೋಹದ ತುಂಡು, ಅಂದರೆ ಆನೋಡ್, ಮಲ್ಪೆಯ ಉಪ್ಪುನೀರಿಗಾಗಿ ಸತುವಿನದ್ದೇ ಇರಬಹುದು. ನಿಮ್ಮಲ್ಲಿಯ ಸಿಹಿನೀರಿಗೆ ಮೆಗ್ನೀಸಿಯಂ ಒಳ್ಳೆಯದು.

ಎಲ್ಲ ಮುಗಿದ ಮೇಲೆ ಹತ್ತು ನಿಮಿಷ ಎಂಜಿನ್ ಓಡಿಸಿ. ನದಿಯಲ್ಲಿ ಅಥವಾ ನೀರು ತುಂಬಿದ ಡ್ರಮ್ಮಿನಲ್ಲಿ. ನೀರಿಲ್ಲದೆ ಓಡಿಸಿದರೆ ನೀರಿನ ಪಂಪು ಸುಡುತ್ತದೆ. ರಾತ್ರಿಯಿಡೀ ದಡದಲ್ಲಿ ನೆಟ್ಟಗೆ ನಿಲ್ಲಿಸಿ, ಬೆಳಿಗ್ಗೆ ಕೆಳಗಿನ ಸ್ಕ್ರೂ ಒಂದಿಷ್ಟೇ ಸಡಿಲಿಸಿ. ಆಯಿಲಿಗಿಂತ ನೀರು ಭಾರ. ಒಳಗಿದ್ದರೆ ಮೊದಲ ಹನಿಯೇ ನೀರಾಗಿರುತ್ತದೆ.