ಅರ್ಧ ಕ್ವಿಂಟಲ್ ಕೊಬ್ಬರಿ ಯಾವ ಕಾಲಂಗೆ ಸೇರುತ್ತದೆ?
ಅಪರಾಧದ ಅಂಕಿಅಂಶಗಳಿಂದ ಒಂಬತ್ತನೇ ತರಗತಿಯ ಸಂಖ್ಯಾಶಾಸ್ತ್ರ

ಬೋಧನಾಭ್ಯಾಸದಲ್ಲಿ ನನ್ನ ಪಾಲಿಗೆ ಬಂದದ್ದು ಒಂಬತ್ತನೇ ತರಗತಿಯ ‘ಸಂಖ್ಯಾಶಾಸ್ತ್ರ’ ಘಟಕ. ಈ ಘಟಕಕ್ಕೆ ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಆರಿಸಿಕೊಳ್ಳುವ ದತ್ತಾಂಶ ಮೂರೇ: ಕಿರುಪರೀಕ್ಷೆಯ ಅಂಕ, ಮಳೆಯ ಪ್ರಮಾಣ, ಕ್ರಿಕೆಟ್ ರನ್ನು. ಇವುಗಳಿಂದ ಸ್ತಂಭಾಲೇಖ ಎಳೆಯುವುದನ್ನು ಕಲಿಸಬಹುದು. ಆದರೆ ಈ ಸಂಖ್ಯೆಯನ್ನು ಎಣಿಸಿದವರು ಯಾರು, ಎಣಿಕೆಗೆ ಸಿಗದೆ ಉಳಿದದ್ದು ಏನು ಎಂಬ ಪ್ರಶ್ನೆ ಮಕ್ಕಳ ಬಾಯಲ್ಲಿ ಹುಟ್ಟುವುದಿಲ್ಲ. ರನ್ನು ಎಷ್ಟು ಎಂಬುದರಲ್ಲಿ ಯಾರಿಗೂ ಅನುಮಾನವಿರುವುದಿಲ್ಲವಲ್ಲ. ಎಣಿಕೆಯೇ ಪ್ರಶ್ನೆಯಾಗುವಂಥ ದತ್ತಾಂಶ ನನಗೆ ಬೇಕಿತ್ತು. ಅದಕ್ಕೇ ರಾಜ್ಯದ ಅಪರಾಧ ಅಂಕಿಅಂಶಗಳನ್ನು ತೆಗೆದುಕೊಂಡೆ.

ಹದಿನಾಲ್ಕು ವರ್ಷದ ಮಕ್ಕಳಿಗೆ ಕೊಲೆ, ಸುಲಿಗೆಯ ಲೆಕ್ಕ ಬೇಕೆ ಎಂದು ಪಾಠಯೋಜನೆ ನೋಡಿದ ವಿಧಾನ ಬೋಧಕರು ಕೇಳಿದರು. ನ್ಯಾಯವಾದ ಪ್ರಶ್ನೆ. ಆ ಲೆಕ್ಕ ಮಕ್ಕಳಿಗೆ ಮನೆಯ ಟಿವಿಯಿಂದ, ಅಣ್ಣನ ಮೊಬೈಲಿನಿಂದ ದಿನವೂ ತಲುಪುತ್ತಿದೆ, ಓದುವ ಕ್ರಮ ಮಾತ್ರ ತಲುಪುತ್ತಿಲ್ಲ ಎಂದು ಉತ್ತರಿಸಿದೆ. ಒಂದು ಕಟ್ಟುಪಾಡನ್ನೂ ಹಾಕಿಕೊಂಡೆ: ಯಾವ ಘಟನೆಯನ್ನೂ ವರ್ಣಿಸುವುದಿಲ್ಲ, ಯಾರ ಹೆಸರನ್ನೂ ಎತ್ತುವುದಿಲ್ಲ, ಕೋಷ್ಟಕ ಮಾತ್ರ. ನಾಲ್ಕು ಅವಧಿಗಳಿಗೆ ಒಪ್ಪಿಗೆ ಸಿಕ್ಕಿತು.

ಮೊದಲ ಅವಧಿ: ವರ್ಗೀಕರಣ

ಸ್ತಂಭಾಲೇಖ ಎಳೆಯುವ ಮೊದಲು ಯಾವ ಸ್ತಂಭಕ್ಕೆ ಏನು ಸೇರುತ್ತದೆ ಎಂದು ತೀರ್ಮಾನವಾಗಬೇಕು. ನಮ್ಮ ಪಠ್ಯಪುಸ್ತಕಗಳು ಈ ಹಂತವನ್ನು ದಾಟಿಬಿಟ್ಟು, ವರ್ಗ ಮಾಡಿಟ್ಟ ದತ್ತಾಂಶವನ್ನೇ ಕೈಗೆ ಕೊಡುತ್ತವೆ. ನಾನು ಇಡೀ ಒಂದು ಅವಧಿಯನ್ನು ಇದಕ್ಕೇ ಕೊಟ್ಟೆ.

ಮಕ್ಕಳಿಗೆ ಎಲ್ಲವೂ ‘ಕಳ್ಳತನ’, ಸ್ವಲ್ಪ ಜೋರಾದರೆ ‘ದರೋಡೆ’. ಪೊಲೀಸ್ ಕೋಷ್ಟಕದಲ್ಲಿ ಕಳವು, ಕನ್ನಗಳವು, ಸುಲಿಗೆ, ಡಕಾಯಿತಿ ಬೇರೆಬೇರೆ ಕಾಲಂಗಳು. ಕಪ್ಪುಹಲಗೆಯ ಮೇಲೆ ಒಂದು ಕೊಬ್ಬರಿ ಚೀಲದ ಚಿತ್ರ ಬರೆದು ಕತೆಯನ್ನು ಬದಲಿಸುತ್ತಾ ಹೋದೆ. ತೋಟದಲ್ಲಿ ಕೆಡವಿ ರಾಶಿ ಹಾಕಿದ್ದ ಕಾಯಿಯನ್ನು ಹೊತ್ತೊಯ್ದರೆ ಅದು ಕಳವು. ಉಂಡೆ ಕೊಬ್ಬರಿ ಆಗಲೆಂದು ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟ ಕಾಯಿಯನ್ನು ರಾತ್ರಿ ಬೀಗ ಮುರಿದು ಇಳಿಸಿಕೊಂಡು ಹೋದರೆ ಅದು ರಾತ್ರಿ ಕನ್ನಗಳವು. ಮಾರುಕಟ್ಟೆಗೆ ಸಾಗಿಸುವಾಗ ಗಾಡಿ ಅಡ್ಡಗಟ್ಟಿ, ಹೆದರಿಸಿ ಕಿತ್ತುಕೊಂಡರೆ ಸುಲಿಗೆ. ಹಾಗೆ ಅಡ್ಡಗಟ್ಟಿದವರು ಐದು ಜನ ಅಥವಾ ಹೆಚ್ಚು ಇದ್ದರೆ ಡಕಾಯಿತಿ. ಒಬ್ಬನೇ ಕಳ್ಳ ಬಂದು, ತಡೆದ ಕಾವಲುಗಾರನನ್ನು ಕೊಂದುಬಿಟ್ಟರೆ ಪ್ರಕರಣ ಕೊಲೆಯ ಕಾಲಂಗೆ ಹೋಗುತ್ತದೆ. ಹೋದ ಚೀಲ ಕಳವಿನ ಲೆಕ್ಕದಲ್ಲಿ ಕಾಣುವುದೇ ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ, ಅಂದರೆ ಎನ್‌ಸಿಆರ್‌ಬಿ, ಒಂದು ಎಫ್‌ಐಆರ್‌ನಲ್ಲಿ ಎಷ್ಟೇ ಅಪರಾಧಗಳಿದ್ದರೂ ಅತಿ ಗಂಭೀರವಾದ ಒಂದನ್ನು ಮಾತ್ರ ಎಣಿಸುತ್ತದೆ. ಇದನ್ನು ಪ್ರಧಾನ ಅಪರಾಧ ನಿಯಮ ಎನ್ನುತ್ತಾರೆ.

ಚೀಲ ಅದೇ, ಕಾಲಂ ಐದು. ಹಿಂಸೆಯ ಅಪರಾಧ, ಆಸ್ತಿಯ ಅಪರಾಧ ಎಂಬ ಎರಡು ದೊಡ್ಡ ಗುಂಪುಗಳ ನಡುವಿನ ಗೆರೆ ಎಲ್ಲಿದೆ ಎಂದು ಕೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, “ಗಾಡಿ ಅಡ್ಡ ಹಾಕಿದಾಗ, ಮಿಸ್” ಎಂದ. ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಸಿದ್ದರೆ ಈ ಉತ್ತರ ಬರುತ್ತಿರಲಿಲ್ಲ.

ಇಲ್ಲಿ ಶಿಕ್ಷಕರು ತಿಳಿದಿರಬೇಕಾದ ಇನ್ನೊಂದು ಸಂಗತಿ: 2024ರ ಜುಲೈ 1ರಿಂದ 1860ರ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಸರ ಎಗರಿಸುವಂಥ ಕಿತ್ತುಕೊಳ್ಳುವ ಕೃತ್ಯಕ್ಕೆ ಹೊಸ ಸಂಹಿತೆಯಲ್ಲಿ 304ನೇ ಕಲಂ ಎಂಬ ಪ್ರತ್ಯೇಕ ಮನೆ ಸಿಕ್ಕಿದೆ. ಹಾಗಾಗಿ 2023ರ ‘ಕಳವು’ ಸ್ತಂಭವನ್ನೂ 2025ರ ‘ಕಳವು’ ಸ್ತಂಭವನ್ನೂ ಪಕ್ಕಪಕ್ಕ ನಿಲ್ಲಿಸಿ ಹೆಚ್ಚು ಕಡಿಮೆ ಹೇಳುವ ಮುಂಚೆ, ಎರಡರಲ್ಲೂ ಒಂದೇ ಬಗೆಯ ಪ್ರಕರಣಗಳಿವೆಯೇ ಎಂದು ನೋಡಬೇಕು.

ಎರಡನೇ ಅವಧಿ: ಸಂಖ್ಯೆ ಮತ್ತು ದರ

ಎಂಟನೇ ತರಗತಿಯ ‘ಪ್ರಮಾಣಗಳ ಹೋಲಿಕೆ’ಯೇ ಇದಕ್ಕೆ ಪೂರ್ವಜ್ಞಾನ. 2022ರಲ್ಲಿ ದೇಶದಲ್ಲಿ ದಾಖಲಾದ ಕೊಲೆ ಪ್ರಕರಣ 28,522. ಅತಿ ಹೆಚ್ಚು ಉತ್ತರ ಪ್ರದೇಶದಲ್ಲಿ, 3,491. “ಹಾಗಾದರೆ ಅದೇ ಎಲ್ಲಕ್ಕಿಂತ ಅಪಾಯದ ರಾಜ್ಯವೇ?” ಎಂದರೆ ತರಗತಿ ಒಂದೇ ದನಿಯಲ್ಲಿ ಹೌದು ಎಂದಿತು. ದೇಶದ ಜನಸಂಖ್ಯೆ ಸುಮಾರು 138 ಕೋಟಿ, ಉತ್ತರ ಪ್ರದೇಶದ್ದು ಸುಮಾರು 23.5 ಕೋಟಿ ಎಂದು ಕೊಟ್ಟು, ಒಂದು ಲಕ್ಷ ಜನಕ್ಕೆ ಎಷ್ಟು ಎಂದು ಭಾಗಿಸಲು ಹೇಳಿದೆ. ದೇಶಕ್ಕೆ ಸುಮಾರು 2.1, ಉತ್ತರ ಪ್ರದೇಶಕ್ಕೆ 1.5. ಆ ವರ್ಷ ಅತಿ ಹೆಚ್ಚು ದರ ಇದ್ದದ್ದು ಜಾರ್ಖಂಡ್‌ನಲ್ಲಿ, 4.0. ಅಲ್ಲಿಯ ಜನಸಂಖ್ಯೆ ಸುಮಾರು 3.9 ಕೋಟಿ, ಪ್ರಕರಣ ಎಷ್ಟಿರಬಹುದು ಎಂದು ಹಿಂದುಮುಂದಾಗಿ ಕೇಳಿದ್ದಕ್ಕೆ ಆರೇಳು ಮಕ್ಕಳು 1,560ರ ಆಸುಪಾಸಿಗೆ ಬಂದರು.

ಕರ್ನಾಟಕದಲ್ಲಿ ಈಚಿನ ವರ್ಷಗಳಲ್ಲಿ ವರ್ಷಕ್ಕೆ 1,300ರಿಂದ 1,400ರ ಸುಮಾರಿಗೆ ಕೊಲೆ ಪ್ರಕರಣಗಳಿವೆ, ಲಕ್ಷಕ್ಕೆ ಹೆಚ್ಚುಕಡಿಮೆ 2. ಗೆರೆ ಬಹುತೇಕ ಸಮತಟ್ಟು. ದೇಶದ ಮಟ್ಟದಲ್ಲಿ ಹಿಂದಕ್ಕೆ ಹೋದರೆ, 1992ರಲ್ಲಿ ಕೊಲೆ ಪ್ರಕರಣ 40 ಸಾವಿರ ದಾಟಿತ್ತು. 1991ರ ಗಣತಿಯಂತೆ ಜನಸಂಖ್ಯೆ 84.6 ಕೋಟಿ. ಮಕ್ಕಳು ಭಾಗಿಸಿದಾಗ ಬಂದದ್ದು 4.7. ಮೂವತ್ತು ವರ್ಷಗಳಲ್ಲಿ ದರ ಅರ್ಧಕ್ಕಿಂತ ಕೆಳಗಿಳಿದಿದೆ. ಈ ಫಲಿತಾಂಶವನ್ನು ಮಕ್ಕಳು ನಂಬಲಿಲ್ಲ. ಇಬ್ಬರು ಎರಡು ಸಲ ಲೆಕ್ಕ ಮಾಡಿದರು. “ಟಿವಿಯಲ್ಲಿ ಹಂಗೆ ಅನ್ನಿಸಲ್ಲ ಮಿಸ್” ಎಂದು ಒಬ್ಬಳು ಹೇಳಿದ ಮಾತಿಗೆ ನಾನು ಏನನ್ನೂ ಸೇರಿಸಲಿಲ್ಲ.

ಕೊಲೆಯನ್ನೇ ಮೊದಲು ಯಾಕೆ ತೆಗೆದುಕೊಂಡೆ ಎಂಬುದಕ್ಕೆ ಕಾರಣವಿದೆ. ಹೆಣ ಸಿಕ್ಕ ಮೇಲೆ ಅದನ್ನು ಮುಚ್ಚಿಡುವುದು ಕಷ್ಟ. ಆದ್ದರಿಂದ ಎಲ್ಲ ಅಪರಾಧ ಸಂಖ್ಯೆಗಳ ಪೈಕಿ ಇದು ನಂಬಿಕೆಗೆ ಹೆಚ್ಚು ಅರ್ಹ. ಕೇರಳವನ್ನು ನೋಡಿ: ಒಟ್ಟು ಅಪರಾಧ ದರದಲ್ಲಿ ಅದು ದೇಶದ ಮೇಲಿನ ಸಾಲಿನ ರಾಜ್ಯಗಳಲ್ಲಿ ಒಂದು, ಕೊಲೆಯ ದರದಲ್ಲಿ ತೀರ ಕೆಳಗೆ, 2022ರಲ್ಲಿ 0.9. ಜನ ಠಾಣೆಗೆ ಹೋಗುವ, ಠಾಣೆ ದೂರು ಬರೆದುಕೊಳ್ಳುವ ಕಡೆ ಒಟ್ಟು ಸಂಖ್ಯೆ ಏರುತ್ತದೆ. ಇದನ್ನು ಅರ್ಥ ಮಾಡಿಸಲು ನನಗೆ ಹತ್ತು ನಿಮಿಷ ಸಾಕಾಗಲಿಲ್ಲ, ನಾಲ್ಕನೇ ಅವಧಿಗೆ ಎತ್ತಿಟ್ಟೆ.

ಮೂರನೇ ಅವಧಿ: ಆಧಾರ ವರ್ಷ

ಆಸ್ತಿಯ ಅಪರಾಧ ಮನೆಯ ಬೀಗದಿಂದ ಮೊಬೈಲಿಗೆ ಹೊರಳಿರುವುದು ಕರ್ನಾಟಕದ ಈಚಿನ ದೊಡ್ಡ ಬದಲಾವಣೆ. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಸೈಬರ್ ಪ್ರಕರಣಗಳಲ್ಲಿ ಬಹುಪಾಲು ಹಣದ ವಂಚನೆ: 2023ರಲ್ಲಿ ದೇಶದ ಸೈಬರ್ ಪ್ರಕರಣಗಳಲ್ಲಿ ನೂರಕ್ಕೆ ಸುಮಾರು 69ರ ಉದ್ದೇಶ ವಂಚನೆಯೇ. ಎನ್‌ಸಿಆರ್‌ಬಿ ವರದಿಗಳಿಂದ ನಮ್ಮ ರಾಜ್ಯದ ಐದು ವರ್ಷಗಳ ಸಂಖ್ಯೆಯನ್ನು ಹಲಗೆಯ ಮೇಲೆ ಬರೆದೆ:

2019 – 12,020
2020 – 10,741
2021 – 8,136
2022 – 12,556
2023 – 21,889

ತರಗತಿಯನ್ನು ಮೂರು ಗುಂಪು ಮಾಡಿ ‘2023ರಲ್ಲಿ ಸೈಬರ್ ಅಪರಾಧ ಶೇಕಡ ಎಷ್ಟು ಹೆಚ್ಚಿತು?’ ಎಂಬ ಒಂದೇ ಪ್ರಶ್ನೆ ಕೊಟ್ಟೆ. ಆಧಾರ ವರ್ಷ ಮಾತ್ರ ಬೇರೆಬೇರೆ. 2022ರಿಂದ ಅಳೆದ ಗುಂಪಿಗೆ ಶೇ. 74, 2019ರಿಂದ ಅಳೆದವರಿಗೆ ಶೇ. 82, 2021ರಿಂದ ಅಳೆದವರಿಗೆ ಶೇ. 169. ಮೂರೂ ಗುಂಪಿನವರು ಪತ್ರಿಕೆಯ ತಲೆಬರಹ ಬರೆದು ಗೋಡೆಗೆ ಅಂಟಿಸಿದರು. ಯಾವುದು ಸುಳ್ಳು ಎಂದರೆ ಯಾವುದೂ ಅಲ್ಲ. ಈ ಚಟುವಟಿಕೆ ಸಲೀಸಾಗಿ ನಡೆಯಿತು, ಯಾವ ಶಾಲೆಯಲ್ಲಾದರೂ ಮಾಡಬಹುದು. ಬೇಕಾದದ್ದು ಚಾರ್ಟ್ ಪೇಪರ್ ಮಾತ್ರ.

ದರದ ಪಾಠವೂ ಇಲ್ಲಿ ಮತ್ತೆ ಉಪಯೋಗಕ್ಕೆ ಬಂತು. 2023ರಲ್ಲಿ ಸಂಖ್ಯೆಯಲ್ಲಿ ಕರ್ನಾಟಕ ದೇಶಕ್ಕೇ ಮೊದಲು, ತೆಲಂಗಾಣ 18,236ರೊಂದಿಗೆ ಎರಡನೆಯದು. ಜನಸಂಖ್ಯೆ ಕ್ರಮವಾಗಿ ಸುಮಾರು 6.8 ಕೋಟಿ ಮತ್ತು 3.8 ಕೋಟಿ. ಭಾಗಿಸಿದರೆ ನಮ್ಮದು ಲಕ್ಷಕ್ಕೆ 32, ಅವರದು 48. ‘ನಾವೇ ಫಸ್ಟು’ ಎಂದವರು ಸ್ವಲ್ಪ ಸಪ್ಪಗಾದರು. ಯಾವುದರಲ್ಲಿ ಫಸ್ಟು ಎಂದು ಪಕ್ಕದವನು ನೆನಪಿಸಬೇಕಾಯಿತು.

ಸಣ್ಣ ಊರಿಗೆ ಶೇಕಡಾವಾರು ಹೇಗೆ ಮೋಸ ಮಾಡುತ್ತದೆ ಎಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ಮುಗಿಸಿದೆ. ಎರಡು ಲಕ್ಷ ಜನರಿರುವ ತಾಲ್ಲೂಕಿನಲ್ಲಿ ಕಳೆದ ವರ್ಷ ಎರಡು ಕೊಲೆ, ಈ ವರ್ಷ ನಾಲ್ಕು ಎಂದಿಟ್ಟುಕೊಳ್ಳಿ. ಶೇ. 100 ಹೆಚ್ಚಳ. ಮುಂದಿನ ವರ್ಷ ಎರಡಕ್ಕೆ ಇಳಿದರೆ ಶೇ. 50 ಇಳಿಕೆ. ಇದನ್ನು ಪ್ರವೃತ್ತಿ ಎನ್ನಲು ಬರುವುದಿಲ್ಲ.

ನಡುವೆ ಎದ್ದ ಒಂದು ಮಾತು

ಮೂರನೇ ಅವಧಿಯ ಕೊನೆಗೆ ಒಬ್ಬ ಹುಡುಗ, “ಹೊರಗಿನೋರು ಬಂದ್ಮೇಲೆ ಕಳ್ತನ ಜಾಸ್ತಿ ಆಯ್ತಂತೆ ಮಿಸ್” ಎಂದ. ಈ ಭಾಗದ ಕೊಬ್ಬರಿ ಪುಡಿ ಕಾರ್ಖಾನೆಗಳಲ್ಲಿ ಬೇರೆ ರಾಜ್ಯಗಳಿಂದ ಬಂದ ಕುಟುಂಬಗಳು ಕೆಲಸ ಮಾಡುತ್ತವೆ. ಅಂಥ ಮನೆಯ ಮಗುವೊಂದು ಎರಡನೇ ಸಾಲಿನಲ್ಲೇ ಕೂತಿತ್ತು. ಈ ವಿಷಯ ಆರಿಸಿಕೊಳ್ಳುವ ಯಾವ ಪ್ರಶಿಕ್ಷಣಾರ್ಥಿಗಾದರೂ ಈ ಮಾತು ಎದುರಾಗಿಯೇ ತೀರುತ್ತದೆ. ಅದನ್ನು ಪಾಠಯೋಜನೆಯಲ್ಲಿ ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ನಾನು ಬರೆದಿಟ್ಟುಕೊಂಡಿದ್ದೆ. ಗದರಲಿಲ್ಲ, ‘ಹಾಗೆನ್ನಬಾರದು’ ಎಂದೂ ಹೇಳಲಿಲ್ಲ. ಈ ಹೇಳಿಕೆ ನಿಜವೋ ಅಲ್ಲವೋ ಎಂದು ತಿಳಿಯಲು ಯಾವ ಯಾವ ಕಾಲಂ ಬೇಕು ಎಂದು ತರಗತಿಗೇ ಕೇಳಿದೆ. ಬಂದವರು ಎಷ್ಟು ಜನ, ಬರುವ ಮೊದಲು ಎಷ್ಟು ಕಳವು, ಆಮೇಲೆ ಎಷ್ಟು, ಅದರಲ್ಲಿ ತಪ್ಪು ಸಾಬೀತಾದದ್ದು ಯಾರ ಮೇಲೆ, ಅದೇ ಕಾಲದಲ್ಲಿ ಕೊಬ್ಬರಿ ಬೆಲೆ ಎಷ್ಟಿತ್ತು ಎಂದು ಹಲಗೆಯ ಮೇಲೆ ಐದು ತಲೆಬರಹ ಬಂದವು. ಕೆಳಗೆ ತುಂಬಲು ನಮ್ಮ ಕೈಯಲ್ಲಿ ಒಂದು ಸಂಖ್ಯೆಯೂ ಇರಲಿಲ್ಲ. ಖಾಲಿ ಕೋಷ್ಟಕವನ್ನು ಅಳಿಸದೆ ಹಾಗೇ ಬಿಟ್ಟೆ.

ಆಮೇಲೆ ಸಮಾಜ ವಿಜ್ಞಾನದ ಸಹಪಾಠಿಯ ನೆರವಿನಿಂದ ಐದು ನಿಮಿಷ ಇತಿಹಾಸ ಹೇಳಿದೆ. 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿ ಮಾಡಿತು. ಕಾಯ್ದೆ ರದ್ದಾದದ್ದು ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ. ಅಲ್ಲಿ ಅಪರಾಧ ನಡೆಯುವ ಮೊದಲೇ ಕಾಲಂ ತುಂಬಿತ್ತು.

ನಾಲ್ಕನೇ ಅವಧಿ: ಎಣಿಕೆಗೆ ಬಾರದ್ದು

“ನಮ್ಮ ತೋಟದಲ್ಲಿ ಕಾಯಿ ಕದ್ರು, ಅಪ್ಪ ಕಂಪ್ಲೇಂಟ್ ಕೊಡ್ಲಿಲ್ಲ. ಅದು ಯಾವ ಕಾಲಂಗೆ ಬರುತ್ತೆ ಮಿಸ್?” ಈ ಪ್ರಶ್ನೆಗಾಗಿಯೇ ನಾನು ಮೂರು ಅವಧಿ ಕಾದಿದ್ದೆ ಎನ್ನಬಹುದು. ಕೈ ಎತ್ತಿಸದೆ, ಹೆಸರಿಲ್ಲದ ಚೀಟಿ ಹಂಚಿದೆ. ಎರಡೇ ಪ್ರಶ್ನೆ: ನಿಮ್ಮ ಮನೆಯಲ್ಲಿ, ತೋಟದಲ್ಲಿ ಈಚೆಗೆ ಏನಾದರೂ ಕಳುವಾಗಿದೆಯೇ? ದೂರು ಕೊಟ್ಟಿರೇ? ಕಾಯಿ, ಮೋಟಾರಿನ ಕೇಬಲ್ಲು, ಕೋಳಿ ಎಂದೆಲ್ಲ ಬರೆದಿದ್ದರು. ಕಳುವಾಗಿದೆ ಎಂದ ಚೀಟಿಗಳಲ್ಲಿ ಹೆಚ್ಚಿನವು ದೂರಿಲ್ಲ ಎಂದವು. ಇದು ಒಂದು ತರಗತಿಯ ಚೀಟಿ, ತಾಲ್ಲೂಕಿನ ಬಗ್ಗೆ ಏನನ್ನೂ ಸಾಧಿಸುವುದಿಲ್ಲ ಎಂಬುದನ್ನೂ ಹೇಳಿದೆ. ಆದರೆ ಜನರನ್ನೇ ನೇರ ಕೇಳುವ ಕ್ರಮ ಹೇಗಿರುತ್ತದೆ ಎಂಬುದು ಕೈಗೆ ಸಿಕ್ಕಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1982ರಿಂದ ಪೊಲೀಸ್ ಲೆಕ್ಕದ ಜೊತೆಗೆ ಇಂಥ ಮನೆಮನೆ ಸಮೀಕ್ಷೆಯನ್ನೂ ಇಟ್ಟುಕೊಂಡು ಎರಡನ್ನೂ ಹೋಲಿಸುತ್ತಾರೆ.

ಕೊನೆಗೆ ಕೊಬ್ಬರಿಯ ಬೆಲೆ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ತಿಪಟೂರು ಮಾರುಕಟ್ಟೆಯ ದರ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದು ರೈತರು ಬೀದಿಗಿಳಿದದ್ದು ಮಕ್ಕಳಿಗೂ ನೆನಪಿದೆ. 2025ರಲ್ಲಿ ದರ 20,000 ದಾಟಿತು. ಕಳುವಾದ ಸ್ವತ್ತಿನ ಮೌಲ್ಯ ಎಂಬ ಅಂಕಿಯಲ್ಲಿ ಒಂದೇ ಒಂದು ಚೀಲ ಹೆಚ್ಚು ಕಳುವಾಗದೆಯೂ ಮೊತ್ತ ಏರಬಹುದು ಎಂದು ಇಲ್ಲಿಂದ ತೋರಿಸಿದೆ. ಹೊಸ ಸಂಹಿತೆಯಲ್ಲಿ ಇನ್ನೂ ಒಂದು ಗೆರೆ ಇದೆ: ಕದ್ದ ವಸ್ತುವಿನ ಮೌಲ್ಯ 5,000 ರೂಪಾಯಿಗಿಂತ ಕಡಿಮೆ ಇದ್ದು, ಮೊದಲ ಸಲ ಶಿಕ್ಷೆಗೊಳಗಾದವನು ಅದನ್ನು ಹಿಂತಿರುಗಿಸಿದರೆ ಸಮುದಾಯ ಸೇವೆಯೇ ಶಿಕ್ಷೆ. ಅಂಥ ಚಿಕ್ಕ ಕಳವು ಅಸಂಜ್ಞೇಯ ಅಪರಾಧ. ನ್ಯಾಯಾಧೀಶರ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ.

ಮೌಲ್ಯಮಾಪನಕ್ಕೆ ಕೊಟ್ಟ ಪ್ರಶ್ನೆ ಇದು: ‘ಅರ್ಧ ಕ್ವಿಂಟಲ್ ಕೊಬ್ಬರಿ ಕಳುವಾಗಿದೆ. ದರ ಕ್ವಿಂಟಲ್‌ಗೆ 20,000 ಇದ್ದಾಗ ಮತ್ತು 8,000ಕ್ಕೆ ಇಳಿದಾಗ ಮೌಲ್ಯ ಎಷ್ಟು? ಎರಡು ಸಂದರ್ಭಗಳಲ್ಲೂ ಈ ಕಳವು ಒಂದೇ ಬಗೆಯಲ್ಲಿ ಲೆಕ್ಕಕ್ಕೆ ಬರುತ್ತದೆಯೇ? ಕಾರಣ ಕೊಡಿ.’ 10,000 ಮತ್ತು 4,000 ಎಂಬುದನ್ನು ಬಹುತೇಕ ಎಲ್ಲರೂ ಬರೆದರು. ಕಾರಣ ಬರೆದವರು ಕಡಿಮೆ. ಬರೆದವರಲ್ಲಿ ಒಬ್ಬಳ ಉತ್ತರವನ್ನು ವಿಧಾನ ಬೋಧಕರು ನಮ್ಮ ಚರ್ಚಾ ಅವಧಿಯಲ್ಲಿ ಓದಿ ಹೇಳಿದರು: “ಬೆಲೆ ಬಿದ್ದ ವರ್ಷ ಕಳ್ಳತನ ಕಮ್ಮಿ ಆದಂಗೆ ಕಾಣುತ್ತೆ. ತೋಟದೋರಿಗೆ ಮಾತ್ರ ಎರಡು ಸಲ ಲಾಸು.”