ಎಂಜಿನ್ನಿನ ಎಣ್ಣೆ ಸೋರುವುದೇಕೆ?

ಮಳೆ ನಿಂತ ಮೇಲೆ ಡಾಂಬರು ರಸ್ತೆಯಲ್ಲಿ ಕಾಮನಬಿಲ್ಲಿನ ಬಣ್ಣಗಳನ್ನು ತಳೆದ ಮಚ್ಚೆಗಳು ಕಾಣುವುದನ್ನು ವಾಚಕರು ಗಮನಿಸಿರಬಹುದು. ತರಗತಿಯಲ್ಲಿ ನಾವು ಅವನ್ನು ಬೆಳಕಿನ ವ್ಯತಿಕರಣಕ್ಕೆ ನಿದರ್ಶನವೆಂದು ಹೇಳಿ ಮುಂದೆ ಸಾಗುತ್ತೇವೆ. ಆದರೆ ಅಂಥ ಮಚ್ಚೆ ನಮ್ಮದೇ ಕಾರು ನಿಂತಿದ್ದ ಜಾಗದಲ್ಲಿ ಕಂಡಾಗ ಬಣ್ಣಗಳ ಸೊಬಗು ಹಿಂದೆ ಸರಿದು, ಎಣ್ಣೆ ಎಲ್ಲಿಂದ ಬಂತು ಎಂಬ ಚಿಂತೆ ಮುಂದೆ ಬರುತ್ತದೆ.

ಎಂಜಿನ್ನಿನಲ್ಲಿ ಎಣ್ಣೆ ಮಾಡುವ ಕೆಲಸವೇನು? ಇದನ್ನು ಅರಿಯಲು ಸುಮಾರು 1883ರಲ್ಲಿ ನಡೆದ ಒಂದು ಪ್ರಯೋಗವನ್ನು ನೆನೆಯಬೇಕು. ಅದೂ ಒಂದು ಸೋರಿಕೆಯ ಕಥೆಯೇ. ಬೀಚಮ್ ಟವರ್ ಎಂಬ ಇಂಗ್ಲಿಷ್ ಎಂಜಿನಿಯರು ರೈಲುಗಾಡಿಯ ಅಚ್ಚಿನ ಬೇರಿಂಗುಗಳಲ್ಲಿ ಘರ್ಷಣೆಯನ್ನು ಅಳೆಯುತ್ತಿದ್ದನು. ಎಣ್ಣೆ ಹಾಕಲೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ರಂಧ್ರವನ್ನು ಕೊರೆಸಿದನು. ಅಚ್ಚು ತಿರುಗತೊಡಗಿದೊಡನೆ ಎಣ್ಣೆ ಒಳಕ್ಕೆ ಇಳಿಯುವ ಬದಲು ಆ ರಂಧ್ರದಿಂದ ಮೇಲಕ್ಕೆ ಉಕ್ಕಿತು! ಬಿರಡೆ ಹಾಕಿದರೆ ಅದನ್ನು ತಳ್ಳಿಹಾಕಿತು. ಮರದ ಬೆಣೆ ಬಡಿದರೆ ಅದನ್ನೂ ಹೊರಕ್ಕೆ ನೂಕಿತು. ಕೊನೆಗೆ ಒತ್ತಡಮಾಪಕವನ್ನು ಜೋಡಿಸಿ ನೋಡಿದಾಗ ಮುಳ್ಳು ಚದರ ಅಂಗುಲಕ್ಕೆ 200 ಪೌಂಡಿನ ಗುರುತನ್ನೂ ದಾಟಿತು. ಬೇರಿಂಗಿನ ಮೇಲಿದ್ದ ಸರಾಸರಿ ಹೊರೆಯಾದರೋ ಅದರ ಅರ್ಧದಷ್ಟು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಕಿರಿದಾದ ಸಂದಿಗೆ ಎಳೆದುಕೊಂಡು, ಆ ಎಣ್ಣೆಯ ಪೊರೆಯ ಮೇಲೆ ತೇಲುತ್ತದೆ ಎಂಬುದು ಹೀಗೆ ತಿಳಿದುಬಂತು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸನು ಇದಕ್ಕೆ ಗಣಿತದ ರೂಪವನ್ನು ಕೊಟ್ಟನು. ನಮ್ಮ ಕಾರಿನ ಕ್ರ್ಯಾಂಕ್ ಅಚ್ಚು ತಿರುಗುವುದೂ ಇಂಥ ಪೊರೆಯ ಮೇಲೆಯೇ. ಎಣ್ಣೆ ಬತ್ತಿ ಪೊರೆ ಹರಿದರೆ ಲೋಹವು ಲೋಹವನ್ನು ಉಜ್ಜುತ್ತದೆ; ಎಂಜಿನ್ ಕೆಲವೇ ನಿಮಿಷಗಳಲ್ಲಿ ಕಚ್ಚಿಕೊಂಡು ನಿಲ್ಲಬಹುದು. ಗ್ಯಾರೇಜಿನವರು ‘ಸೀಜ್ ಆಯಿತು’ ಎನ್ನುವುದು ಇದನ್ನೇ.

ಎಂಜಿನ್ ಒಂದೇ ಎರಕದ ತುಂಡಲ್ಲವಷ್ಟೆ. ತಳದಲ್ಲಿ ಎಣ್ಣೆ ನಿಲ್ಲುವ ಸಂಪು, ನೆತ್ತಿಯಲ್ಲಿ ಟ್ಯಾಪೆಟ್ ಮುಚ್ಚಳ, ಪಕ್ಕದಲ್ಲಿ ಫಿಲ್ಟರು, ಹೀಗೆ ಹಲವು ಭಾಗಗಳನ್ನು ಸೇರಿಸಿ ಬಿಗಿದಿರುತ್ತಾರೆ. ಬಿಗಿದ ಭಾಗಗಳ ನಡುವೆ ಕಾರ್ಕಿನ ಅಥವಾ ರಬ್ಬರಿನ ಪ್ಯಾಕಿಂಗ್ ಇರುತ್ತದೆ. ಅಚ್ಚು ಹೊರಗೆ ಬರುವ ಕಡೆ ರಬ್ಬರಿನ ತುಟಿಯುಳ್ಳ ಸೀಲು, ಆ ತುಟಿಯನ್ನು ಅಚ್ಚಿಗೆ ಒತ್ತಿ ಹಿಡಿಯಲು ಬಳೆಯಾಕಾರದ ಒಂದು ಸಣ್ಣ ಸ್ಪ್ರಿಂಗು. ವರ್ಷಗಟ್ಟಲೆ ಕಾವು ತಿಂದ ರಬ್ಬರು ಗಡುಸಾಗಿ, ತುಟಿ ಸವೆದು, ಸಂದಿ ಬಿಡುತ್ತದೆ. ತೆಳುವಾದ ಸಂದಿಯಲ್ಲಿ ದ್ರವ ಹರಿಯುವ ಪ್ರಮಾಣವು ಸಂದಿಯ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ. ಎಂದರೆ ಸಂದಿ ಎರಡರಷ್ಟಾದರೆ ಸೋರಿಕೆ ಎಂಟರಷ್ಟಾಗುತ್ತದೆ. ದ್ರವದ ಸ್ನಿಗ್ಧತೆ ಕುಗ್ಗಿದಷ್ಟೂ ಸೋರಿಕೆ ಹೆಚ್ಚು. ಸಾಮಾನ್ಯ ಬಳಕೆಯ 15ಡಬ್ಲ್ಯೂ-40 ಎಣ್ಣೆಗೆ 40 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿರುವ ಸ್ನಿಗ್ಧತೆ 100 ಡಿಗ್ರಿಯಲ್ಲಿ ಏಳೆಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದುದರಿಂದ ಬೆಳಿಗ್ಗೆ ಒಣಗಿದಂತೆ ಕಾಣುವ ಎಂಜಿನ್ ಓಡುವಾಗ ಧಾರಾಳವಾಗಿ ಸೋರುತ್ತಿರಬಹುದು.

ಸಂದಿ, ಸ್ನಿಗ್ಧತೆ ಇವೆರಡರ ಜೊತೆಗೆ ಮೂರನೆಯದೊಂದುಂಟು, ಒತ್ತಡ. ರಿಪೇರಿಯಲ್ಲಿ ಇದನ್ನು ಮರೆಯುವುದೇ ಹೆಚ್ಚು. ಇದಕ್ಕಾಗಿ ನಾವೇ ದಂಡ ತೆತ್ತಿದ್ದೇವೆ. ನಮ್ಮ ಹಳೆಯ ಕಾರಿನ ಎಂಜಿನ್ನಿನ ಹಿಂಬದಿಯಲ್ಲಿ ಎಣ್ಣೆ ತೊಟ್ಟಿಕ್ಕುತ್ತಿತ್ತು. ಕ್ರ್ಯಾಂಕಿನ ಹಿಂದಿನ ಸೀಲು ಹೋಗಿದೆಯೆಂದು ಗೇರ್‌ಬಾಕ್ಸನ್ನು ಇಳಿಸಿ ಹೊಸ ಸೀಲು ಹಾಕಿಸಿದೆವು. ಸೀಲಿನ ಬೆಲೆ ಅಲ್ಪ, ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿ ಅಧಿಕ. ಎರಡು ತಿಂಗಳಲ್ಲಿ ಮತ್ತೆ ಸೋರಿತು. ಮತ್ತೆ ಸೀಲು, ಮತ್ತೆ ಕೂಲಿ. ಮೂರನೆಯ ಸಲ ಬೇರೊಬ್ಬ ವಯಸ್ಸಾದ ಮೇಸ್ತ್ರಿ ನೋಡಿದಾಗ, ಎಂಜಿನ್ನಿನ ಉಸಿರುಕೊಳವೆ ಕಪ್ಪು ಜಿಡ್ಡಿನಿಂದ ಪೂರ್ತಿ ಕಟ್ಟಿಹೋಗಿದ್ದುದು ಹೊರಬಿತ್ತು. ಸೀಮೆಎಣ್ಣೆಯಲ್ಲಿ ಅದನ್ನು ತೊಳೆದದ್ದೇ ಚಿಕಿತ್ಸೆ. ಭೌತವಿಜ್ಞಾನ ಕಲಿಸುವವರಿಗೆ ಇದು ಮೊದಲೇ ಹೊಳೆಯಬೇಕಾಗಿತ್ತು!

ಕಾರಣ ಸರಳ. ಸಿಲಿಂಡರಿನಲ್ಲಿ ಉರಿದ ಅನಿಲದ ಸ್ವಲ್ಪ ಭಾಗ ಪಿಸ್ಟನ್ನಿನ ಉಂಗುರಗಳ ಬಳಿ ನುಸುಳಿ ಕೆಳಗಿನ ಕೋಣೆಗೆ ಇಳಿಯುತ್ತಲೇ ಇರುತ್ತದೆ. ಹಿಂದೆ ಅದನ್ನು ಕೊಳವೆಯ ಮೂಲಕ ರಸ್ತೆಗೇ ಬಿಡುತ್ತಿದ್ದರು. ಈಗ ಕವಾಟವೊಂದರ ಮೂಲಕ ಮತ್ತೆ ಎಂಜಿನ್ನಿಗೇ ಎಳೆದು ಉರಿಸುತ್ತಾರೆ. ಈ ದಾರಿ ಕಟ್ಟಿದರೆ ಒಳಗಿನ ಒತ್ತಡ ಏರಿ, ಎಲ್ಲಿ ದುರ್ಬಲವೋ ಅಲ್ಲಿಂದ ಎಣ್ಣೆಯನ್ನು ಹೊರದೂಡುತ್ತದೆ. ಪೆಟ್ರೋಲ್ ಎಂಜಿನ್ ಮೆಲ್ಲನೆ ಓಡುತ್ತಿರುವಾಗ ಎಣ್ಣೆ ತುಂಬುವ ಬಾಯಿಯ ಮುಚ್ಚಳ ತೆಗೆದು, ಒಂದು ತುಂಡು ಕಾಗದವನ್ನು ಅದರ ಮೇಲೆ ಹಿಡಿದು ನೋಡಬಹುದು. ಕಾಗದ ಮೆತ್ತಗೆ ಒಳಕ್ಕೆ ಸೆಳೆಯಲ್ಪಟ್ಟರೆ ಕವಾಟ ಸರಿಯಾಗಿದೆ. ಜೋರಾಗಿ ಹಾರಿಹೋದರೆ ದಾರಿ ಕಟ್ಟಿರಬೇಕು, ಇಲ್ಲವೆ ಉಂಗುರಗಳು ಸವೆದಿರಬೇಕು. ಅದನ್ನು ಸರಿಪಡಿಸದೆ ಸೀಲು ಬದಲಿಸುವುದು ವ್ಯರ್ಥ.

ಇನ್ನು ಸೋರುವ ಸ್ಥಳವನ್ನು ಹುಡುಕುವ ಬಗೆ. ರಾತ್ರಿ ಕಾರಿನ ಕೆಳಗೆ ದೊಡ್ಡದೊಂದು ರಟ್ಟನ್ನು ಹಾಸಿಡಿ. ಬಣ್ಣವಿಲ್ಲದ ನೀರಾದರೆ ಅದು ಏರ್ ಕಂಡೀಷನರಿನದು, ಚಿಂತೆಯಿಲ್ಲ. ಹಸಿರೋ ಗುಲಾಬಿಯೋ ಆಗಿದ್ದು ತೆಳುವಾಗಿದ್ದರೆ ರೇಡಿಯೇಟರಿನದಿರಬಹುದು. ಜೇನಿನ ಬಣ್ಣದಿಂದ ಕಪ್ಪಿನವರೆಗೆ ಇದ್ದು ಬೆರಳಿಗೆ ಜಾರಿದರೆ ಎಂಜಿನ್ ಎಣ್ಣೆ. ಆದರೆ ಎಣ್ಣೆ ಬಿದ್ದ ಜಾಗವೇ ಸೋರಿದ ಜಾಗವಲ್ಲ. ನೆತ್ತಿಯ ಮುಚ್ಚಳದಿಂದ ಒಸರಿದ್ದು ಎಂಜಿನ್ನಿನ ಮೈಮೇಲೆ ಇಳಿದು, ಓಡುವಾಗಿನ ಗಾಳಿಗೆ ಹಿಂದಕ್ಕೆ ಸರಿದು, ಸಂಪಿನ ಹಿಂತುದಿಯಲ್ಲಿ ತೊಟ್ಟಿಕ್ಕುತ್ತದೆ. ತಂಪಾದ ಎಂಜಿನ್ನನ್ನು ಜಿಡ್ಡಿಲ್ಲದಂತೆ ಒರೆಸಿ, ಸಂದೇಹವಿರುವ ಕಡೆ ಮುಖಕ್ಕೆ ಹಚ್ಚುವ ಪೌಡರನ್ನು ಉದುರಿಸಿ, ಸ್ವಲ್ಪ ದೂರ ಓಡಿಸಿ ಬನ್ನಿ. ಪೌಡರು ಎಲ್ಲಕ್ಕಿಂತ ಮೇಲೆ ಎಲ್ಲಿ ನೆನೆದಿದೆಯೋ ಅಲ್ಲಿ ಹುಡುಕಬೇಕು.

ಒಂದು ಹನಿ ಎಂದರೆ ಎಷ್ಟು? ಮಿಲಿಲೀಟರಿಗೆ 25 ಹನಿಯೆಂದು ಹಿಡಿದರೆ, ನಿಮಿಷಕ್ಕೊಂದು ಹನಿಯಂತೆ ದಿನವಿಡೀ ಸೋರಿದಾಗ 1,440 ಹನಿ, ಎಂದರೆ 58 ಮಿಲಿಲೀಟರು. ತಿಂಗಳಿಗೆ ಒಂದೂಮುಕ್ಕಾಲು ಲೀಟರು. ಸಣ್ಣ ಕಾರಿನ ಸಂಪು ಹಿಡಿಯುವುದೇ ಮೂರು ನಾಲ್ಕು ಲೀಟರು. ಆದುದರಿಂದ ಸಮತಟ್ಟಾದ ನೆಲದಲ್ಲಿ ಎಂಜಿನ್ ಆರಿಸಿ, ಹತ್ತು ನಿಮಿಷ ಬಿಟ್ಟು, ಅಳತೆಕಡ್ಡಿಯನ್ನು ಒರೆಸಿ ಅದ್ದಿ ನೋಡುವ ರೂಢಿ ಬೇಕು. ಮಟ್ಟ ಎರಡು ಗುರುತುಗಳ ನಡುವೆ ಇರಲಿ. ಮೇಲಿನ ಗುರುತನ್ನು ಮೀರಿ ತುಂಬುವುದೂ ತಪ್ಪು. ಎದುರಿನ ಫಲಕದ ಕೆಂಪು ಎಣ್ಣೆದೀಪವನ್ನು ನಂಬಿ ಕೂರುವುದು ಸಲ್ಲದು. ಅದು ತಿಳಿಸುವುದು ಎಣ್ಣೆಯ ಮಟ್ಟವನ್ನಲ್ಲ, ಒತ್ತಡವನ್ನು; ಅದು ಹೊತ್ತಿಕೊಳ್ಳುವ ವೇಳೆಗೆ ಬೇರಿಂಗುಗಳ ಪೊರೆ ಹರಿಯುತ್ತಿರಬಹುದು. ಶಿರಾಡಿ ಘಾಟಿಯ ನಡುವೆ ಹೊತ್ತಿದರೂ, ಮೇಲಿನ ಊರು ಎರಡೇ ಮೈಲಿಯೆಂದು ಎಳೆಯದೆ, ಪಕ್ಕಕ್ಕೆ ನಿಲ್ಲಿಸಿ ಎಂಜಿನ್ನನ್ನು ಆರಿಸಲೇಬೇಕು. ಬಿಸಿಯಾದ ಹೊಗೆಕೊಳವೆಯ ಮೇಲೆ ಎಣ್ಣೆ ಬೀಳುತ್ತಿದ್ದು ಸುಟ್ಟ ವಾಸನೆ ಬಂದರೂ ಅಷ್ಟೆ. ಅಲ್ಲಿ ಬೆಂಕಿಯ ಭಯವಿದೆ.

ಸೋರುವ ಮುಚ್ಚಳ ಕಂಡರೆ ಬೋಲ್ಟುಗಳನ್ನು ಇನ್ನಷ್ಟು ಬಿಗಿಯಬೇಕೆನಿಸುವುದು ಸಹಜ. ಅತಿಯಾಗಿ ಬಿಗಿದರೆ ತಗಡು ಬಾಗಿ, ಕಾರ್ಕು ಒಡೆದು, ಸಂದಿ ಹಿಗ್ಗುತ್ತದೆ. ಎಂಟುಪಟ್ಟಿನ ಲೆಕ್ಕವನ್ನು ಇಲ್ಲಿ ಮರೆಯಬಾರದು. ಫಿಲ್ಟರು ಬದಲಿಸುವಾಗ ಹಳೆಯದರ ರಬ್ಬರು ಬಳೆ ಎಂಜಿನ್ನಿಗೇ ಅಂಟಿ ಉಳಿದಿದ್ದರೆ, ಹೊಸದರ ಬಳೆ ಅದರ ಮೇಲೆ ಕುಳಿತು, ದಾರಿಯಲ್ಲಿ ಎಣ್ಣೆಯೆಲ್ಲ ಒಮ್ಮೆಗೇ ಹೊರಚೆಲ್ಲಬಹುದು. ಬೆರಳಿಟ್ಟು ನೋಡಿಯೇ ಹೊಸದನ್ನು ಹಾಕಿಸಬೇಕು. ಸೋರಿಕೆ ನಿಲ್ಲಿಸುವುದೆಂದು ಮಾರುವ ದ್ರವಗಳು ಗಡುಸಾದ ರಬ್ಬರನ್ನು ಕೊಂಚ ಉಬ್ಬಿಸುತ್ತವೆ, ಹರಿದ ಪ್ಯಾಕಿಂಗನ್ನು ಕೂಡಿಸಲಾರವು. ರಿಪೇರಿಯಾದ ಮೇಲೂ ಆ ರಟ್ಟನ್ನು ಎಸೆಯದೆ ಒಂದು ವಾರ ಕಾರಿನ ಕೆಳಗೇ ಇಟ್ಟಿರಿ.