ಮೂಲ ಫೈಲಿಗೆ ಕೈ ಹಾಕಬೇಡ

ಮೊನ್ನೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಸಿಕ್ಕಾಗ ನೀನು, "ಮೇಷ್ಟ್ರೇ, ಆರ್ ಪ್ರೋಗ್ರಾಮಿಂಗ್ ಕಲಿಯೋಕೆ ಕೂತು ಎರಡು ವಾರ ಆಯ್ತು, ತಲೆಗೇ ಹತ್ತುತ್ತಿಲ್ಲ" ಅಂದೆ. ನಡೆಯುವಾಗ ಮಾತಾಡಿದರೆ ಈಗ ನನಗೆ ಉಸಿರು ಕಟ್ಟುತ್ತೆ. ಅದಕ್ಕೇ ಕೂತು ಬರೀತಿದ್ದೀನಿ.

ಯಾವ ದತ್ತಾಂಶದ ಮೇಲೆ ಕಲೀತಿದ್ದೀಯ ಅಂತ ಕೇಳಿದರೆ ಐರಿಸ್ ಹೂವು ಅಂದೆ. ಆರ್ ಹಾಕಿಕೊಂಡವರಿಗೆಲ್ಲ ಅದರ ಜೊತೆಗೇ ಸಿಗುವ ಪಟ್ಟಿ ಅದು. ಮೂರು ಜಾತಿ, 150 ಹೂವು. ಸಸ್ಯಶಾಸ್ತ್ರಜ್ಞ ಎಡ್ಗರ್ ಆ್ಯಂಡರ್ಸನ್ ಕಲೆಹಾಕಿದ ಅಳತೆಗಳು, 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಷರ್ ಬಳಸಿದ ಮೇಲೆ ಲೋಕಪ್ರಸಿದ್ಧವಾದವು. ಒಳ್ಳೆಯದೇ. ಆದರೆ ಕಣಮ್ಮ, ಆ ಹೂವನ್ನ ನೀನು ಕಂಡಿಲ್ಲ, ನಾನೂ ಕಂಡಿಲ್ಲ. ದಳ ಐದು ಸೆಂಟಿಮೀಟರ್ ಅಂದರೂ ಹನ್ನೆರಡು ಅಂದರೂ ಹೂಂ ಅಂತೀವಿ. ಉತ್ತರ ನೋಡಿದ ಕೂಡಲೇ "ಇದು ಇರಲಾರದು" ಅಂತ ಅನ್ನಿಸಬೇಕು. ಅದು ಅನ್ನಿಸೋದು ಗೊತ್ತಿರುವ ವಿಷಯದಲ್ಲಿ ಮಾತ್ರ.

ಕನ್ನಂಬಾಡಿ ಕಟ್ಟೆಯನ್ನ ತಗೋ. ಮಳೆಗಾಲದಲ್ಲಿ ಪೇಪರಿನಲ್ಲಿ ನೀರಿನ ಮಟ್ಟ, ಒಳಹರಿವು, ಹೊರಹರಿವು ಬರುತ್ತೆ. ಕಟ್ಟೆ ತುಂಬಿದರೆ 124.80 ಅಡಿ ಅಂತ ಮೈಸೂರಿನ ಮಕ್ಕಳಿಗೂ ಗೊತ್ತು. ಜೂನ್, ಜುಲೈ, ಆಗಸ್ಟ್ ಮೂರು ತಿಂಗಳು, 92 ದಿನದ್ದು ನೀನೇ ಟೈಪ್ ಮಾಡು. ಎಲ್ಲೋ ಒಂದು ಕಡೆ 112.4ರ ಚುಕ್ಕಿ ಬಿಟ್ಟು 1124 ಅಂತ ಹೊಡೆದಿರ್ತೀಯ. ಆ ಒಂದೇ ತಪ್ಪಿಗೆ ಸರಾಸರಿ 11 ಅಡಿ ಮೇಲಕ್ಕೆ ಹೋಗುತ್ತೆ. ಮಧ್ಯಾಂಕ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತೆ. ಇವೆರಡರ ವ್ಯತ್ಯಾಸವನ್ನ ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದು ಹೇಳಿದ್ದೀನಿ. ನಿನಗೆ ಆ ಚುಕ್ಕಿ ಹೇಳಿಕೊಟ್ಟಷ್ಟು ಚೆನ್ನಾಗಿ ನಾನು ಹೇಳಿಕೊಟ್ಟಿರಲಾರೆ. ಏನೇ ಲೆಕ್ಕ ಹಾಕುವ ಮೊದಲು ಒಂದು ಗೆರೆಚಿತ್ರ ಎಳೆದು ನೋಡು. 1124 ಅಲ್ಲಿ ತೆಂಗಿನ ಮರದ ಹಾಗೆ ಎದ್ದು ನಿಂತಿರುತ್ತೆ.

ಪೇಪರ್ ಬಾರದ ದಿನ ಪಟ್ಟಿಯಲ್ಲಿ ಆ ಮನೆ ಖಾಲಿ ಬಿಡು. ಆರ್ ಅದನ್ನ ಎನ್‌ಎ ಅಂತ ಓದಿಕೊಳ್ಳುತ್ತೆ. ಆಮೇಲೆ ಸರಾಸರಿ ಕೇಳಿದರೆ ಉತ್ತರವೂ ಎನ್‌ಎ. "ಕೆಟ್ಟುಹೋಗಿದೆ" ಅಂತ ನೀನು ಸಿಡುಕಿದ್ದು ಇದಕ್ಕೇ. ಕೆಟ್ಟಿಲ್ಲ. ಗೊತ್ತಿಲ್ಲದ್ದು ಒಂದು ಒಳಗಿರುವಾಗ ಸರಾಸರಿ ಎಷ್ಟು ಅಂದರೆ "ಗೊತ್ತಿಲ್ಲ" ಅಂತಲೇ ಹೇಳಬೇಕಲ್ಲವೆ? ಖಾಲಿ ಇದ್ದದ್ದನ್ನ ಬಿಟ್ಟು ಲೆಕ್ಕ ಹಾಕು ಅಂತ ನೀನು ಬಾಯಿಬಿಟ್ಟು ಹೇಳಿದರೆ ಹಾಕುತ್ತೆ. ಹಾಗೆ ಹೇಳಿಸಿಕೊಳ್ಳೋದು ಅದರ ಮರ್ಯಾದೆ. ಖಾಲಿಗೆ ಸೊನ್ನೆ ತುಂಬುವವರ ಕೈಗೆ ಸಿಕ್ಕರೆ ಕಟ್ಟೆ ಒಂದು ದಿನ ಬತ್ತಿಹೋಗಿ ಮಾರನೆಯ ದಿನ ತುಂಬಿರುತ್ತೆ.

ಊರಿನ ಹೆಸರಿನ ವಿಷಯದಲ್ಲೂ ಹುಷಾರು. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ 'ಮೈಸೋರ್' ಹೋಗಿ 'ಮೈಸೂರು' ಆಯಿತು. ಆ ದಿನದ ಆಚೆಗೂ ಈಚೆಗೂ ಹಬ್ಬಿದ ಪಟ್ಟಿ ನಿನ್ನ ಕೈಗೆ ಬಂದರೆ, ಕಂಪ್ಯೂಟರಿಗೆ ನಮ್ಮೂರು ಎರಡು ಊರು.

ಈಗ ನಿಜವಾಗಿ ಹೇಳಬೇಕೆಂದಿದ್ದ ಮಾತು. ಮಾನಸಗಂಗೋತ್ರಿಯಲ್ಲಿ ಓದುವಾಗ ಫೇಸಿಟ್ ಲೆಕ್ಕದ ಯಂತ್ರದ ಹಿಡಿ ತಿರುಗಿಸಿ ವರ್ಗಗಳ ಮೊತ್ತ ಹಾಕ್ತಿದ್ವಿ. ಕೈ ನೋಯೋದು. ಆದರೂ ಒಂದೊಂದು ಹೆಜ್ಜೆಯನ್ನೂ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಬರೆಯಲೇಬೇಕು, ಇಲ್ಲದಿದ್ದರೆ ಸಹಿ ಇಲ್ಲ. ಆಮೇಲೆ ಕಂಪ್ಯೂಟರ್ ಬಂತು, ನಾವೇ ಆ ಶಿಸ್ತು ಬಿಟ್ಟೆವು. ಒಂದು ಸಲ ಒಬ್ಬರ ಸಮೀಕ್ಷೆಯ ಲೆಕ್ಕದಲ್ಲಿ ನಾಲ್ಕಾರು ಸಂಖ್ಯೆಗಳನ್ನ ಮೂಲ ಫೈಲಿನಲ್ಲೇ ತಿದ್ದಿ ಉಳಿಸಿದೆ. ಆರು ತಿಂಗಳಾದ ಮೇಲೆ "ಯಾವುದನ್ನ ತಿದ್ದಿದಿರಿ, ಯಾಕೆ?" ಅಂತ ಕೇಳಿದರು. ಪೆಚ್ಚಾಗಿ ಕೂತೆ. ಆ ನಾಚಿಕೆ ಇನ್ನೂ ಹೋಗಿಲ್ಲ. ನಿನ್ನ ಆರ್ ಸ್ಕ್ರಿಪ್ಟು ಅಂದರೆ ಅದೇ ಪ್ರಾಕ್ಟಿಕಲ್ ರೆಕಾರ್ಡು. 1124 ಅನ್ನ 112.4 ಮಾಡೋದಿದ್ದರೆ ಸ್ಕ್ರಿಪ್ಟಿನಲ್ಲಿ ಮಾಡು, ಪಕ್ಕದಲ್ಲಿ ಕಾರಣ ಬರೆ. ಪೇಪರಿನಿಂದ ಇಳಿಸಿದ ಫೈಲು ಇಳಿಸಿದ ಹಾಗೇ ಇರಲಿ.

ನಮ್ಮೂರಿನವರೇ ಎಂ. ಎನ್. ಶ್ರೀನಿವಾಸ್ ಗೊತ್ತಲ್ಲ, ಸಮಾಜಶಾಸ್ತ್ರಜ್ಞರು. 1948ರಲ್ಲಿ ಮೈಸೂರಿಗೆ ಹತ್ತಿರದ ಒಂದು ಹಳ್ಳಿಯಲ್ಲಿದ್ದು ಟಿಪ್ಪಣಿ ಮಾಡಿಕೊಂಡರು. ಬರಹದಲ್ಲಿ ಆ ಹಳ್ಳಿಗೆ ರಾಂಪುರ ಅಂತ ಹೆಸರಿಟ್ಟರು. ಆ ಟಿಪ್ಪಣಿಗಳನ್ನ ಹದಿನೆಂಟು ವರ್ಷ ವಿಂಗಡಿಸಿ, ಜೋಡಿಸಿ, ಮೂರು ಪ್ರತಿ ಇಟ್ಟುಕೊಂಡಿದ್ದರು. ಮೂರೂ ಸ್ಟ್ಯಾನ್‌ಫರ್ಡಿನ ಅವರ ಒಂದೇ ಕೋಣೆಯಲ್ಲಿದ್ದವು. 1970ರ ಏಪ್ರಿಲ್‌ನಲ್ಲಿ ಯಾರೋ ಅಲ್ಲಿಗೆ ಬೆಂಕಿ ಹಚ್ಚಿದರು. ಹಳ್ಳಿಯಲ್ಲಿ ಬರೆದ ಮೂಲ ಟಿಪ್ಪಣಿಗಳು ದೆಹಲಿಯಲ್ಲಿದ್ದು ಉಳಿದವು. ಸುಟ್ಟುಹೋದದ್ದು ಹದಿನೆಂಟು ವರ್ಷದ ಕೆಲಸ. ಅವರು ಬಹುಪಾಲು ನೆನಪಿನ ಮೇಲೆಯೇ ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಬಂತು, ದೊಡ್ಡ ಹೆಸರು ಮಾಡಿತು. ಅವರು ಶ್ರೀನಿವಾಸ್, ನಡೆಯಿತು. ನೀನು ನೆನಪಿನಿಂದ ರಿಪೋರ್ಟ್ ಬರೆದುಕೊಟ್ಟರೆ ಆಫೀಸಿನಲ್ಲಿ ಯಾರೂ ಮುಟ್ಟಲ್ಲ. ಅವರ ಕಾಲಕ್ಕೆ ಇಲ್ಲದ ಅನುಕೂಲ ನಿನಗಿದೆ. ಮೂಲ ಫೈಲು, ಸ್ಕ್ರಿಪ್ಟು ಎರಡೂ ಇದ್ದರೆ ನಡುವಿನದೆಲ್ಲ ಸುಟ್ಟರೂ ಅರೆಗಳಿಗೆಯಲ್ಲಿ ವಾಪಸು ಬರುತ್ತೆ. ಎರಡರ ಪ್ರತಿಯೂ ಬೇರೆ ಎಲ್ಲಾದರೂ ಇರಲಿ, ಒಂದೇ ಲ್ಯಾಪ್‌ಟಾಪಿನಲ್ಲಿ ಮೂರು ಬೇಡ.

ಪೈಥಾನ್ ಕಲಿಯಬೇಕಿತ್ತಾ ಅಂತಲೂ ಕೇಳಿದೆ. ಆಫೀಸಿನಲ್ಲಿ ಅದೇ ನಡೆಯೋದಾದರೆ ಅದನ್ನೇ ಕಲಿ, ನನಗೇನೂ ಹಟವಿಲ್ಲ. ಆರ್ ಮೇಲೆ ನನಗೆ ಸ್ವಲ್ಪ ಪಕ್ಷಪಾತ, ಅಷ್ಟೆ: ಆಕ್ಲೆಂಡಿನ ಇಬ್ಬರು ಸಂಖ್ಯಾಶಾಸ್ತ್ರದ ಮೇಷ್ಟ್ರುಗಳು, ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್, ಕಟ್ಟಿ ಪುಕ್ಕಟೆ ಕೊಟ್ಟ ಭಾಷೆ ಅದು. ಚಾಟ್‌ಜಿಪಿಟಿ ಹತ್ತಿರ ಕೋಡ್ ಬರೆಸ್ತೀಯ ಅಂತ ಗೊತ್ತು. ಬರೆಸು. ಆದರೆ ಸಮೀಕ್ಷೆಯ ಪಟ್ಟಿಯಲ್ಲಿ 999 ಅಂದರೆ "ಉತ್ತರ ಕೊಡಲಿಲ್ಲ" ಅಂತ ನೀನು ಹೇಳದೆ ಅದಕ್ಕೆ ಹೇಗೆ ಗೊತ್ತಾಗಬೇಕು?

ಭಾನುವಾರ ತಿಂಡಿಯ ಹೊತ್ತಿಗೆ ಲ್ಯಾಪ್‌ಟಾಪ್ ತಗೊಂಡು ಮನೆಗೆ ಬಾ. ಹಿಂದಿನ ರಾತ್ರಿ ಆರ್ ಮುಚ್ಚುವಾಗ "ವರ್ಕ್‌ಸ್ಪೇಸ್ ಉಳಿಸಲೇ" ಅಂತ ಕೇಳುತ್ತಲ್ಲ, ಬೇಡ ಅನ್ನು. ಬೆಳಿಗ್ಗೆ ಖಾಲಿ ಆರ್ ತೆರೆದು ನಿನ್ನ ಸ್ಕ್ರಿಪ್ಟನ್ನ ಮೇಲಿಂದ ಕೆಳಗೆ ಒಂದೇ ಸಲ ಓಡಿಸೋಣ. ಎಲ್ಲಿ ಮುಗ್ಗರಿಸುತ್ತೋ ಅಲ್ಲಿಂದ ಪಾಠ. ನಮ್ಮ ಮನೆಯಾಕೆ ಇಡ್ಲಿಗೆ ನೆನೆಹಾಕ್ತೀನಿ ಅಂದಿದ್ದಾಳೆ.